ಗುರುಮಲ್ಲಿ ಓಡಿ ಬರೆದಿಟ್ಟದ್ದು

ಗುರುಮಲ್ಲಿಯ ವಿಷಯ ಮೊದಲು ನನ್ನ ಕಿವಿಗೆ ಬಿದ್ದದ್ದು ಕುಮಾರಿಯ ಬಾಯಿಂದ. ಶಿವರಾತ್ರಿ ಕಳೆದಿತ್ತು, ಆದರೂ ಬೆಳಗಿನ ಚಳಿ ಬಿಟ್ಟಿರಲಿಲ್ಲ. ಗುಂಡ್ಲುಪೇಟೆಯ ನಮ್ಮ ಮನೆ ಜಗಲಿಯ ಮೇಲೆ ಹೊತ್ತು ಹುಟ್ಟುವ ಮುಂಚೆಯೇ ಹೂವಿನ ಮೂಟೆ ಬಿಚ್ಚುವುದು ವಾಡಿಕೆ. ನಮ್ಮವರು ತೀರಿಕೊಂಡ ಮೇಲೆ ಹೂ ಕಟ್ಟಿಯೇ ನನ್ನ ದಿನ ಸಾಗುತ್ತಿರುವುದು. ಪಕ್ಕದ ಮನೆಯ ಕುಮಾರಿ ಜೊತೆಗೆ ಕೂರುತ್ತಾಳೆ. ಆವತ್ತು ಹೂ ತರಲು ಹೋದವಳು ಬಂದವಳೇ ಮೂಟೆಯನ್ನು ಕುಕ್ಕಿ, ಬಾಳೆನಾರನ್ನೂ ನೆನೆಹಾಕದೆ ಎದುರಿಗೆ ಕೂತಳು.

"ಅಕ್ಕೋ, ಕಾಲೇಜು ಮೈದಾನದಲ್ಲಿ ಒಬ್ಳು ಹೆಂಗ್ಸು ಸೀರೆ ಎತ್ತಿ ಕಟ್ಕಂಡು ಓಡ್ತಾವ್ಳ ಕಣಕ್ಕ. ಇಷ್ಟು ದಪ್ಪ ಅವ್ಳ. ಕಾಲ್ಗೆ ಗಂಡಸ್ರ ಬೂಟು. ದೆವ್ವ ಮೆಟ್ಕಂಡದೋ ಏನೋ."

"ಯಾರಾದ್ರೂ ಅಟ್ಟಿಸ್ಕಂಡು ಬತ್ತಿದ್ರೇನಮ್ಮಿ?"

"ಯಾರೂ ಇಲ್ಲ. ಹಿಂದ್ಗಡೆ ಒಂದು ನಾಯಿನೂ ಇರ್ನಿಲ್ಲ. ಸುಮ್ಗೆ ಓಡ್ತಾಳ, ಗ್ವಾಡೆ ಹಿಡ್ಕಂಡು ಉಸ್ರು ಬುಡ್ತಾಳ, ಸೊಂಟದಿಂದ ಒಂದು ಪುಸ್ತಕ ತಗ್ದು ಏನೋ ಬರೀತಾಳ, ತಿರ್ಗಾ ಓಡ್ತಾಳ."

"ಪುಸ್ತಕದಲ್ಲಿ ಬರೀತಾಳಾ? ಹಂಗಾರೆ ದೆವ್ವ ಅಲ್ಲ ಬುಡು. ಸರ್ಕಾರದವ್ಳಿರ್ಬೇಕು."

ನಾವಿಬ್ಬರೂ ಸಾಕಷ್ಟು ನಕ್ಕೆವು. ಮುಂದಿನ ವಾರ ಆ ದೆವ್ವವೇ ನಮ್ಮ ಜಗಲಿಗೆ ಬಂದು ನೀರು ಕೇಳಿತು.

ನಲವತ್ತು ದಾಟಿದ ಹೆಂಗಸು. ಮುಖ ಕೆಂಡದಂತಾಗಿತ್ತು, ರವಿಕೆ ತೊಯ್ದು ಬೆನ್ನಿಗೆ ಅಂಟಿಕೊಂಡಿತ್ತು. ನಾನು ಚೊಂಬು ತಂದುಕೊಟ್ಟರೆ ಪಕ್ಕಕ್ಕಿಟ್ಟು, ಪ್ಲಾಸ್ಟಿಕ್ ಕವರಿನೊಳಗಿಂದ ನೋಟ್‌ಬುಕ್ ತೆಗೆದು ಬರೆಯತೊಡಗಿದಳು.

"ಮೊದ್ಲು ನೀರು ಕುಡಿಯವ್ವ. ಪುಸ್ತಕ ಎಲ್ಲಿಗೋದದು?"

"ಇಲ್ಲ ದೊಡ್ಡವ್ವ. ಉಸ್ರು ಬಂದ್ ಮ್ಯಾಲೆ ಬರುದ್ರೆ ಜಾಸ್ತಿ ಓಡ್ದೆ ಅಂತ ಬರ್ದ್‌ಬುಡ್ತೀನಿ. ಉಸ್ರಿಲ್ದಾಗ ಸುಳ್ಳು ಬರಾಕಿಲ್ಲ."

ಆ ಒಂದು ಮಾತಿಗೆ ನನಗೆ ಅವಳು ಹಿಡಿಸಿಬಿಟ್ಟಳು. ಕೂರಿಸಿಕೊಂಡು ವಿಚಾರಿಸಿದೆ. ಹೆಸರು ಗುರುಮಲ್ಲಮ್ಮ, ತವರು ಚಾಮರಾಜನಗರದ ಪಕ್ಕದ ಹರದನಹಳ್ಳಿ. ಗಂಡ ಇಲ್ಲ, ಮಕ್ಕಳಾಗಲಿಲ್ಲ. ನಮ್ಮ ಊರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡಿಕೊಂಡು ಅಲ್ಲೇ ಹಿಂದಿನ ಕೋಣೆಯಲ್ಲಿದ್ದಳು. ಅವಳಿಗಿಂತ ಚಿಕ್ಕವನು ಒಬ್ಬನೇ ತಮ್ಮ, ಶಿವಶಂಕರ. ಅರಿಸಿನ, ಬಾಳೆ ಬೆಳೆದುಕೊಂಡು ಗಟ್ಟಿಮುಟ್ಟಾಗಿದ್ದವನಿಗೆ ಎರಡು ಕಿಡ್ನಿಯೂ ನಿಂತುಹೋಗಿದ್ದವು. ವಾರಕ್ಕೆರಡು ಸಲ ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಹೋಗಿ ಮಿಷನ್ನಿನಲ್ಲಿ ರಕ್ತ ಶುದ್ಧಿ ಮಾಡಿಸಿಕೊಂಡರೆ ಮಾತ್ರ ಬದುಕು. ಬೇರೆ ಕಿಡ್ನಿ ಕೂಡಿಸೋಣವೆಂದರೆ ಹೆಂಡತಿಯ ರಕ್ತ ಅವನಿಗೆ ಹೊಂದಲಿಲ್ಲ, ತಾಯಿಗೆ ವಯಸ್ಸು ಮೀರಿತ್ತು. ಉಳಿದವಳು ಅಕ್ಕ.

"ನನ್ದು ಒಂದು ಕೊಡ್ತೀನಿ ಅಂದೆ ದೊಡ್ಡವ್ವ. ಹೊಂದ್ತದಂತೆ. ಆದ್ರೆ ಮೈಸೂರಿನ ಡಾಕ್ಟ್ರು ನನ್ನ ತಕ್ಕಡಿ ಮ್ಯಾಲೆ ನಿಲ್ಸಿ ತಲೆ ಆಡುಸ್ಬುಟ್ರು. ಈ ತೂಕದಲ್ಲಿ, ಈ ಬೀಪಿಲಿ ನಿಮ್ಮಿಂದ ತಗ್ದ್ರೆ ನಾಳೆ ನೀವೂ ಅವ್ನ ಪಕ್ಕದಲ್ಲೇ ಮಲಗ್ತೀರಿ ಅಂದ್ರು. ಗೌರಿ ಹಬ್ಬದೊತ್ತಿಗೆ ಇಳುಸ್ಕಂಡು ಬರ್ಬೇಕಂತೆ. ನಡೀರಿ, ಓಡಿ, ಸೈಕಲ್ ತುಳೀರಿ, ದಿನಾ ಏನ್ ಮಾಡುದ್ರಿ, ಏನ್ ತಿಂದ್ರಿ, ಯಾವ ಮಾತ್ರೆ ತಗಂಡ್ರಿ ಎಲ್ಲಾ ಬರೀರಿ, ಅದ ನೋಡಿ ಆಮೇಲೆ ಯೋಳ್ತೀನಿ ಅಂದ್ರು."

"ಇಳೀದಿದ್ರೆ?"

ಅವಳು ಚೊಂಬೆತ್ತಿ ನೀರು ಕುಡಿದಳು. ಪೂರ್ತಿ ಕುಡಿದಳು.

"ಅವ್ನು ಮಿಷನ್ನಲ್ಲಿ ಎಷ್ಟು ದಿನ ತಡೀತಾನೋ ಅಷ್ಟು ದಿನ."

ಅಲ್ಲಿಂದ ಓಟ ಮುಗಿಸಿದ ಮೇಲೆ ನಮ್ಮ ಜಗಲಿಯಲ್ಲೇ ಕೂತು ಬರೆಯುವುದು ಅವಳಿಗೆ ರೂಢಿಯಾಯಿತು. ಹಾಸ್ಟೆಲಿನ ಮಕ್ಕಳ ಹತ್ತಿರ ಸ್ಕೇಲ್ ತೆಗೆದುಕೊಂಡು ಪುಟಕ್ಕೆ ಮನೆ ಮನೆ ಗೀಟು ಎಳೆದಿದ್ದಳು: ಓಟಕ್ಕೊಂದು ಮನೆ, ಸೈಕಲ್ಲಿಗೊಂದು, ತೂಕಕ್ಕೆ, ಬೀಪಿಗೆ, ಊಟಕ್ಕೆ, ಮಾತ್ರೆಗೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದೆ. 'ಮೈದಾನ ನಾಲ್ಕು ಸುತ್ತು, ಮಧ್ಯ ಎರಡು ಸಲ ನಿಂತೆ. ವಾಂತಿ ಬಂದಂಗಾಯ್ತು, ಬರಲಿಲ್ಲ.' ಊಟದ ಮನೆಯಲ್ಲಿ 'ಮಕ್ಕಳು ಬಿಟ್ಟ ಪಾಯಸ ಅರ್ಧ ಲೋಟ' ಎಂದು ಬರೆದು ಪಕ್ಕದಲ್ಲೇ 'ತಪ್ಪು' ಎಂದು ಬರೆದಿದ್ದಳು. ಆ 'ತಪ್ಪು' ಮೊದಮೊದಲು ಪುಟಪುಟಕ್ಕೂ ಇರುತ್ತಿತ್ತು. ಇನ್ನೂರು ಮಕ್ಕಳಿಗೆ ಬಡಿಸುವವಳು ತಾನು ಬಾಯಿ ಕಟ್ಟುವುದೆಂದರೆ ಸಣ್ಣ ಮಾತೇ?

ಒಂದು ದಿನ ನೋಟ್‌ಬುಕ್ಕನ್ನು ನನ್ನ ಮುಂದೆ ಹಿಡಿದಳು.

"ಇಲ್ಲೊಂದು ಸೈನ್ ಹಾಕಿ ದೊಡ್ಡವ್ವ."

"ನಾನಾ? ನಾನೇನು ಹೆಡ್‌ಮೇಷ್ಟ್ರಾ?"

"ನನ್ನ ಮ್ಯಾಲೆ ನಂಗೇ ನಂಬ್ಕೆ ಇಲ್ಲ. ಇನ್ ಮ್ಯಾಲೆ ನಿಮ್ ಬೀದೀಲೇ ಓಡ್ಕಂಡು ಮೈದಾನಕ್ಕೆ ಓಯ್ತೀನಿ, ನೀವು ನೋಡಿದ್ ದಿನ ಮಾತ್ರ ಹಾಕಿ. ಸೈನ್ ಇಲ್ದಿದ್ದ ದಿನ ಓಡ್ನಿಲ್ಲ ಅಂತ ಲೆಕ್ಕ."

ವೃದ್ಧಾಪ್ಯ ವೇತನಕ್ಕೆ ಹೆಬ್ಬೆಟ್ಟು ಒತ್ತಲು ನಾಚಿಕೆಯಾಗಿ ಕಲಿತಿದ್ದ ಹೆಸರು ನನ್ನದು. 'ಶಿವರುದ್ರಮ್ಮ' ಎಂದು ಬರೆಯಲು ಅವಳು ಒಂದು ಸುತ್ತು ಓಡುವಷ್ಟು ಹೊತ್ತು ಬೇಕಾಗುತ್ತಿತ್ತು. ಆದರೂ ಬರೆದೆ.

ಸೈಕಲ್ಲು ಅವಳ ತಮ್ಮನ ಮಗಳದು, ಹೈಸ್ಕೂಲಿನಲ್ಲಿ ಸರ್ಕಾರ ಕೊಟ್ಟದ್ದು. ಹರದನಹಳ್ಳಿಯ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ನಿಂತಿದ್ದನ್ನು ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ತಂದಿದ್ದಳು. ನಮ್ಮ ಬೀದಿ ಕೊನೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಜುಬೇರ್ ಅದನ್ನು ಮಗುಚಿ ನಿಲ್ಲಿಸಿ ಚಕ್ರ ತಿರುಗಿಸಿ ನೋಡಿದ.

"ಅಕ್ಕಾ, ಇದು ಸ್ಕೂಲ್ ಹುಡ್ಗೀರ್ದು ಗಾಡಿ. ನಿಮ್ದು ವಜನ್ ತಡ್ಯಲ್ಲ."

"ನಾನು ಕರಗೋಗಂಟ ತಡೀಲಿ ಸಾಕು ಕಣಪ್ಪ."

ಜುಬೇರ್ ನಗುತ್ತಲೇ ಹಿಂದಿನ ಚಕ್ರಕ್ಕೆ ದಪ್ಪ ಕಡ್ಡಿಗಳನ್ನು ಹಾಕಿಕೊಟ್ಟ. ಊಟಿ ರಸ್ತೆಯಲ್ಲಿ ಹಂಗಳದವರೆಗೆ ಹೋಗಿ ಬರುವುದು ಅವಳ ಸೈಕಲ್ ದಾರಿ. ಸೂರ್ಯಕಾಂತಿ ಹೂ ಬಿಟ್ಟ ದಿನಗಳಲ್ಲಿ ಕೇರಳದ ಕಾರುಗಳು ರಸ್ತೆಯ ಅಂಚಿಗೇ ನಿಂತು, ಜನ ಹೊಲದೊಳಗೆ ನಿಂತು ಫೋಟೋ ಹಿಡಿದುಕೊಳ್ಳುತ್ತಾರೆ. ಇವಳ ಫೋಟೋವನ್ನೂ ಯಾರೋ ಹಿಡಿದುಕೊಂಡರಂತೆ. "ಗೋಪಾಲಸ್ವಾಮಿ ಬೆಟ್ಟ ಕಾಣೋಗಂಟ ಓಯ್ತೀನಿ ದೊಡ್ಡವ್ವ. ಮೋಡ ಮುಚ್ಚಿದ್ರೆ ಇನ್ನೊಂದ್ ಚೂರು ಮುಂದಕ್ ಓಯ್ತೀನಿ," ಎನ್ನುತ್ತಿದ್ದಳು. ಆಚೆ ಕಾಡಿನಂಚಿನಲ್ಲಿ ಹಸು ಹಿಡಿದ ಹುಲಿ ಓಡಾಡುತ್ತಿದೆ ಎಂದು ಸುದ್ದಿಯಿದ್ದಾಗ ನಾನು ಜಗಲಿಯ ಕಂಬ ಹಿಡಿದು ನಿಂತು ಕಾಯುತ್ತಿದ್ದೆ.

ಒಂದು ಬೆಳಗ್ಗೆ ಜಡಿಮಳೆ. ಅವಳು ತೊಯ್ದು ಬಂದು ಬರೆದು ನನ್ನ ಮುಂದೆ ಇಟ್ಟಳು.

"ನಾನು ನೋಡ್ನಿಲ್ಲ ಕಣಮ್ಮಿ. ಇವತ್ತು ನೀನು ಆ ಕಡೆ ದಾರೀಲಿ ಓಗಿದ್ದೆ."

"ಓಡಿವ್ನಿ ದೊಡ್ಡವ್ವ. ಸೀರೆ ನೋಡಿ, ಹಿಂಡುದ್ರೆ ಒಂದ್ ಬಿಂದ್ಗೆ ನೀರು ಬತ್ತದ."

"ಮಳೇಲಿ ನಿಂತಿದ್ರೂ ಬತ್ತದ."

ಅವಳಿಗೆ ಕೋಪ ಬಂತು. ಕೆಸರು ಮೆತ್ತಿದ ಬೂಟನ್ನು ನನ್ನ ಮುಂದೆ ಕುಟ್ಟಿದಳು. ಕುಮಾರಿ, "ಹಾಕ್ಬುಡಕ್ಕ, ಪಾಪ," ಎಂದಳು. ನಾನು ಹಾಕಲಿಲ್ಲ. ಗುರುಮಲ್ಲಿ ಎದ್ದವಳೇ ಆ ಮಳೆಯಲ್ಲಿ ನಮ್ಮ ಬೀದಿಯಲ್ಲೇ ಆ ತುದಿಯಿಂದ ಈ ತುದಿಗೆ ಓಡತೊಡಗಿದಳು. ಹಾಲಿನವರು ನಿಂತು ನೋಡಿದರು. ಜುಬೇರ್ ಅಂಗಡಿಯ ಅರ್ಧ ಬಾಗಿಲು ಎತ್ತಿ, "ಮಾಶಾ ಅಲ್ಲಾ!" ಎಂದು ಕೂಗಿದ. ಸಾಕು ಬಾ ಎಂದು ನಾನು ಕೂಗಿದ ಮೇಲೂ ಓಡಿದಳು. ಬಂದು ಕೂತಾಗ ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. ಸಹಿ ಹಾಕಿದೆ.

ತೂಕ ಇಳಿಯುತ್ತಾ ಬಂತು. ಕತ್ತಿನ ಮೂಳೆ ಕಾಣತೊಡಗಿತು. ಆದರೆ ಆ ಕಡೆ ತಮ್ಮನದು ಕೆಡುತ್ತಿತ್ತು. ಮಿಷನ್ನಿಗೆ ರಕ್ತ ಹಾಯಿಸಲು ಅವನ ಎಡಗೈಯಲ್ಲಿ ನರ ಕೂಡಿಸಿದ್ದರು. ಅದರ ಮೇಲೆ ಬೆರಳಿಟ್ಟರೆ ಒಳಗೆ ದುಂಬಿ ಗುಂಯ್‌ಗುಟ್ಟಿದಂತೆ ತಿಳಿಯಬೇಕಂತೆ. ಆಷಾಢದಲ್ಲಿ ಒಂದು ಬೆಳಗ್ಗೆ ಆ ಸದ್ದು ನಿಂತುಹೋಯಿತು. ಕತ್ತಿಗೆ ಕೊಳವೆ ಹಾಕಿದರು. ಅದಕ್ಕೆ ಒಂದು ಸಲ ಸೋಂಕು ತಗುಲಿ, ಜ್ವರ ಬಂದು, ಮೂರು ದಿನ ಮೈಮೇಲೆ ಎಚ್ಚರವಿಲ್ಲದೆ ಮಲಗಿದ. ಹೀಗೆ ಇನ್ನೆರಡು ಸಲ ಆದರೆ ಹೇಳಲಾಗದು ಎಂದರಂತೆ.

ಅದೇ ದಿನಗಳಲ್ಲೇ ಗುರುಮಲ್ಲಿಯ ಬಲಮಂಡಿ ಊದಿಕೊಂಡಿತು. ಸೈಕಲ್ಲಿನಿಂದ ಇಳಿದರೆ ಕಾಲೂರಲು ಆಗುತ್ತಿರಲಿಲ್ಲ. 'ಮಂಡಿ ನೋವು. ಓಟ ಇಲ್ಲ' ಎಂದು ಒಂದೇ ಸಮನೆ ಬರೆಯುತ್ತಾ ಹೋದಳು. ಬರೆಯುವಾಗ ಪೆನ್ನು ಕಾಗದವನ್ನು ಹರಿಯುವಂತೆ ಒತ್ತುತ್ತಿದ್ದಳು.

ಸುದ್ದಿ ಹರದನಹಳ್ಳಿಗೆ ಮುಟ್ಟಿ, ಅವಳ ತಾಯಿ ಚಿಕ್ಕಮಲ್ಲಮ್ಮ ಬಸ್ಸು ಹತ್ತಿ ಬಂದೇಬಿಟ್ಟರು. ನನ್ನ ವಾರಿಗೆಯವರು. ಮಗಳನ್ನು ನೋಡಿದವರೇ ಹಣೆ ಚಚ್ಚಿಕೊಂಡರು.

"ನೋಡಕ್ಕ, ಹೆಂಗಿದ್ದವ್ಳು ಹೆಂಗಾಗೋಗವ್ಳ! ಒಬ್ಬ ಹಾಸ್ಗೆ ಹಿಡುದ, ಇನ್ನೊಬ್ಳು ಬೀದಿ ಹಿಡುದ್ಲು. ನನ್ನ ಹೊಟ್ಟೆ ಏನ್ ಪಾಪ ಮಾಡಿತ್ತು?"

"ಬೀದಿ ಹಿಡ್ದಿರೋದು ನಿನ್ ಮಗನ್ಗೇ ಕಣವ್ವ," ಎಂದಳು ಗುರುಮಲ್ಲಿ.

"ಗೊತ್ತು ಕಣಮ್ಮಿ. ಗೊತ್ತಿರೋದ್ಕೇ ಬಂದಿವ್ನಿ."

ಸೆರಗಿನ ಗಂಟಿನಿಂದ ಕುಂಕುಮದ ಭರಣಿಯಂಥ ಪುಟ್ಟ ಡಬ್ಬಿ ತೆಗೆದರು. ಒಳಗೆ ಮೆಣಸಿನ ಕಾಳಿನಂಥ ಕಪ್ಪು ಗುಳಿಗೆಗಳು. ಗಡಿಯಾಚೆ ತಮಿಳು ಸೀಮೆಯಲ್ಲಿ ಒಬ್ಬರು ಮಂಡಿಗೆಂದೇ ಕೊಡುತ್ತಾರಂತೆ. ಇವರು ವರ್ಷದಿಂದ ನುಂಗುತ್ತಿದ್ದಾರೆ, ಮೆಟ್ಟಿಲು ಹತ್ತುವಂತಾಗಿದೆ. "ಇಂಗ್ಲೀಷ್ ಮಾತ್ರೆ ಅಲ್ಲ ಕಣವ್ವ, ಬೇರು ನಾರು. ಜೇನ್ತುಪ್ಪದಲ್ಲಿ ನುಂಗು, ನಾಕ್ ದಿಸ್ದಲ್ಲಿ ಕುದ್ರೆ ಆಯ್ತೀಯ."

ನಿಜಕ್ಕೂ ಕುದುರೆಯೇ ಆದಳು. ವಾರ ತುಂಬುವಷ್ಟರಲ್ಲಿ ಊತ ಇಳಿಯಿತು, ಮತ್ತೆ ಮೈದಾನಕ್ಕೆ ಹೋದಳು. ದಿನಾ ಬೆಳಗ್ಗೆ ಜಗಲಿಯ ಮೇಲೆ ಕೂತು ಗುಳಿಗೆ ನುಂಗಿ, ಆಮೇಲೆ ನೋಟ್‌ಬುಕ್ ಬಿಚ್ಚುತ್ತಿದ್ದಳು. ತಲೆನೋವಿಗೆ ಒಂದು ಮಾತ್ರೆ ತೆಗೆದುಕೊಂಡಿದ್ದರೂ ಬರೆದವಳು, ಕೆಮ್ಮಿಗೆ ಚೀಪಿದ ಪೆಪ್ಪರಮೆಂಟನ್ನೂ ಬರೆದವಳು, ಮಾತ್ರೆಯ ಮನೆಯಲ್ಲಿ ಒಂದು ಅಡ್ಡಗೀಟು ಹಾಕುತ್ತಿದ್ದಳು, ಅಂದರೆ ಇಲ್ಲ. ನಾನೂ ಕೆಳಗೆ ಹೆಸರು ಬರೆಯುತ್ತಿದ್ದೆ. ಮಾತ್ರೆ ಎಂದರೆ ಮೆಡಿಕಲ್ ಸ್ಟೋರಿನದು. ಅವ್ವ ಕೊಟ್ಟದ್ದು, ಜೇನುತುಪ್ಪದಲ್ಲಿ ಕಲಸಿದ್ದು ಮಾತ್ರೆ ಹೇಗಾಗುತ್ತದೆ? ನಮ್ಮ ಮನೆಗಳಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು.

ಶ್ರಾವಣದಲ್ಲಿ ಒಂದು ದಿನ ಅವಳು ತೆರಕಣಾಂಬಿ ಮೇಲೆ ಹಾದು ಚಾಮರಾಜನಗರದವರೆಗೂ ಸೈಕಲ್ಲಿನಲ್ಲೇ ಹೋದಳು. ನನಗೆ ಕಣ್ಣು ತೋರಿಸಬೇಕಿತ್ತು, ನಾನು ಬಸ್ಸಿನಲ್ಲಿ ಹೋದೆ. ದಾರಿಯಲ್ಲಿ ಬಸ್ಸು ಅವಳನ್ನು ದಾಟಿತು. ನಾನು ಕಿಟಕಿಯಿಂದ ಕೈ ಬೀಸಿದರೆ ನೋಡಲೂ ಇಲ್ಲ, ತಲೆ ತಗ್ಗಿಸಿ ತುಳಿಯುತ್ತಿದ್ದಳು. ಆಸ್ಪತ್ರೆಯಲ್ಲಿ ಶಿವಶಂಕರನನ್ನು ಮೊದಲ ಸಲ ನೋಡಿದ್ದು ಆವತ್ತೇ. ಮುಖ ಬೂದಿ ಬಣ್ಣ, ಕತ್ತಿಗೆ ಪಟ್ಟಿ. ಅಕ್ಕ ಬೆವರು ಸುರಿಸುತ್ತಾ ಒಳಗೆ ಬಂದದ್ದು ಕಂಡು ನಕ್ಕ.

"ಅಕ್ಕೋ, ನಂಗೆ ಕೊಡೋದ್ಕೆ ಮುಂಚೆ ಅದ್ನ ಸೈಕಲ್ ಮ್ಯಾಲೆ ಹಾಕ್ಕಂಡು ಸಂದಾಗಿ ಕುಲುಕ್ಬುಟ್ಟಲ್ಲ!"

"ಕುಲುಕುದ್ರೆ ಕೆಡಾಕೆ ಅದೇನು ಮೊಟ್ಟೇನ್ಲಾ? ಸುಮ್ನೆ ಮಲೀಕ."

ಹೊರಗೆ ಬಂದು ಗೋಡೆಗೆ ಒರಗಿಕೊಂಡಳು. "ಕೈ ಹಿಡ್ದೆ ದೊಡ್ಡವ್ವ. ಐಸ್ ಇದ್ದಂಗದ," ಎಂದಳು. ಆವತ್ತಿನ ಓಟ, ಸೈಕಲ್ ಏನನ್ನೂ ಬರೆಯಲು ಅವಳಿಗೆ ನೆನಪಾಗಲಿಲ್ಲ. ನಾನೇ ನೆನಪು ಮಾಡಿ ಬರೆಸಿದೆ.

ಗೌರಿ ಹಬ್ಬದ ಹಿಂದಿನ ವಾರ ಮೈಸೂರಿಗೆ ಹೋಗುವ ದಿನ ಬಂತು. ಪ್ರತಿ ಪುಟದಲ್ಲೂ ಇರುವ ಈ ಸಹಿ ಯಾರದು, ಅವರನ್ನೂ ಕರೆದುಕೊಂಡು ಬನ್ನಿ ಎಂದು ನಡುವೆ ಒಮ್ಮೆ ತೂಕ ತೋರಿಸಲು ಹೋದಾಗ ಆಸ್ಪತ್ರೆಯ ಮೇಡಂ ಒಬ್ಬರು ತಮಾಷೆ ಮಾಡಿದ್ದರಂತೆ. ಇವಳು ಅದನ್ನೇ ಹಿಡಿದು ನನ್ನನ್ನು ಹೊರಡಿಸಿದಳು. ತೂಕ ನೋಡಿದರು, ಸರಿಯಾಗಿತ್ತು. ಬೀಪಿ ನೋಡಿದರು, ಸರಿಯಾಗಿತ್ತು. ಮೇಡಂ ನೋಟ್‌ಬುಕ್ ತಿರುವುತ್ತಾ, "ಇಂಥದ್ದನ್ನು ಓದಿದವರೂ ಬರೆಯುವುದಿಲ್ಲ," ಎಂದರು. ಗುರುಮಲ್ಲಿ ನನ್ನ ಕೈಯನ್ನು ಮೇಜಿನ ಕೆಳಗೆ ಒತ್ತಿ ಹಿಡಿದಳು. ರಕ್ತ, ಮೂತ್ರ ತೆಗೆದುಕೊಂಡು ಮಧ್ಯಾಹ್ನ ಬನ್ನಿ ಎಂದರು.

ಮಧ್ಯಾಹ್ನ ಹೋದಾಗ ಮೇಡಮ್ಮಿನ ಜೊತೆ ಡಾಕ್ಟರೂ ಕೂತಿದ್ದರು. ಅವರ ಮುಂದೆ ನೋಟ್‌ಬುಕ್ ಬಿಚ್ಚಿತ್ತು.

"ಗುರುಮಲ್ಲಮ್ಮ, ನಿಮ್ಮ ಕಿಡ್ನಿಗೆ ಪೆಟ್ಟಾಗಿದೆ. ಮೊದಲು ಚೆನ್ನಾಗಿತ್ತು. ರಕ್ತದಲ್ಲಿ ಉಳಿಯುವ ಕಲ್ಮಶ, ಕ್ರಿಯಾಟಿನಿನ್, ಏರಿದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ. ನೋವಿನ ಮಾತ್ರೆ ಏನಾದರೂ ತೆಗೆದುಕೊಂಡಿರಾ?"

"ಇಲ್ಲ ಸಾರ್. ಎಲ್ಲಾ ಬರ್ದಿವ್ನಿ. ನೋಡಿ."

"ನೋಡಿದೆ. ಮಂಡಿ ನೋವು, ಓಟ ಇಲ್ಲ ಎಂದು ಬರೆದಿದ್ದೀರಿ. ಆಮೇಲೆ ಇದ್ದಕ್ಕಿದ್ದಂತೆ ಓಡಿದ್ದೀರಿ. ಮಂಡಿ ನೋವು ಹೇಗೆ ಹೋಯಿತು?"

ಅವಳು ಬಾಯಿ ತೆರೆದಳು. ಹಾಗೇ ನನ್ನ ಕಡೆ ತಿರುಗಿದಳು. ಆ ಹೊತ್ತಿಗೆ ನನಗೂ ಹೊಳೆದಿತ್ತು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

"ಅವ್ವ ಕೊಟ್ಲು," ಎಂದಳು. "ಬೇರಿನದು ಸಾರ್. ಅದು ಮಾತ್ರೆ ಅಲ್ಲ."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೀಗೆ ಕಪ್ಪು ಗುಳಿಗೆ ನುಂಗಿ ಕಿಡ್ನಿ ಕಳೆದುಕೊಂಡವರನ್ನು ನಾವು ನೋಡಿದ್ದೇವೆ, ಅದರಲ್ಲಿ ಏನು ಅರೆದಿರುತ್ತಾರೋ ಗೊತ್ತಾಗುವುದಿಲ್ಲ ಎಂದರು. ಇವತ್ತಿನಿಂದಲೇ ನಿಲ್ಲಿಸಬೇಕು, ಓಟವೂ ಬೇಡ, ಸೈಕಲ್ಲೂ ಬೇಡ. ದೀಪಾವಳಿ ಹೊತ್ತಿಗೆ ಮತ್ತೆ ರಕ್ತ ನೋಡುತ್ತೇವೆ. ಇಳಿದರೆ ಸರಿ. ಇಳಿಯದಿದ್ದರೆ ನಿಮ್ಮಿಂದ ಯಾವತ್ತೂ ತೆಗೆಯುವುದಿಲ್ಲ.

ಬಸ್ಸು ನಂಜನಗೂಡು ದಾಟಿತು. ಆಮೇಲೆ, "ಅವ್ವಂಗೆ ಗೊತ್ತಾಗ್ಬಾರ್ದು ದೊಡ್ಡವ್ವ," ಎಂದಳು. "ತಮ್ಮ ಏನಾದ್ರೂ ಓಗ್ಬುಟ್ರೆ, ನಾನೇ ಕೊಂದೆ ಅಂತ ಅವ್ವ ಬದುಕಾಕಿಲ್ಲ."

ತಾಯಿಗೆ ಫೋನ್ ಮಾಡಿ, "ಓಡಿದ್ದು ಜಾಸ್ತಿ ಆಯ್ತಂತೆ ಕಣವ್ವ, ಅದ್ಕೆ ರಿಪೋರ್ಟ್ ಸರ್ಯಾಗಿ ಬರ್ನಿಲ್ಲ," ಎಂದಳು. ಆ ಕಡೆಯಿಂದ ಬಂದ ಬೈಗುಳ ನನಗೂ ಕೇಳಿಸಿತು. ಆ ಬೂಟನ್ನು ಒಲೆಗೆ ಹಾಕು, ಆ ಪುಸ್ತಕವನ್ನು ಒಲೆಗೆ ಹಾಕು, ಜೊತೆಗೆ ಸೈನ್ ಹಾಕಿದ ಮುದುಕಿಯನ್ನೂ ಹಾಕು! ಗುರುಮಲ್ಲಿ ಹೂಂ ಹೂಂ ಎನ್ನುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಚಿಕ್ಕಮಲ್ಲಮ್ಮ ಈಗ ಇಲ್ಲ. ಇದ್ದಿದ್ದರೆ ಈ ಸಂಗತಿಯನ್ನು ನಾನು ಹೀಗೆ ಹೇಳಿ ಬರೆಸುತ್ತಿರಲಿಲ್ಲ.

ಓಡುವುದಕ್ಕಿಂತ ಓಡದೆ ಕೂರುವುದು ಅವಳಿಗೆ ಕಷ್ಟವಾಯಿತು. ಅಭ್ಯಾಸ ಬಲದಿಂದ ಬೆಳಗ್ಗೆ ಬಂದು ಜಗಲಿಯಲ್ಲಿ ಕೂತು 'ಓಟ ಇಲ್ಲ. ಸೈಕಲ್ ಇಲ್ಲ. ನೀರು ಕುಡಿದೆ' ಎಂದು ಬರೆಯುತ್ತಿದ್ದಳು. ನಾನು ಅದಕ್ಕೂ ಸಹಿ ಹಾಕುತ್ತಿದ್ದೆ. ಹೊಟ್ಟೆಯ ಪಕ್ಕಕ್ಕೆ, ಸೊಂಟದ ಮೇಲೆ ಅಂಗೈ ಇಟ್ಟುಕೊಂಡು ಕೂರುತ್ತಿದ್ದಳು, ಒಳಗೆ ಏನಾಗುತ್ತಿದೆ ಎಂದು ಕೈಗೆ ತಿಳಿಯುತ್ತದೆಯೇನೋ ಎಂಬಂತೆ. ಫೋನ್ ಬಂದರೆ ಇಬ್ಬರೂ ಬೆಚ್ಚುತ್ತಿದ್ದೆವು. ಮಧ್ಯೆ ಇನ್ನೊಂದು ಸಲ ತಮ್ಮನಿಗೆ ಜ್ವರ ಬಂತು. ಈ ಸಲ ಬೇಗ ಬಿಟ್ಟಿತು.

ಹಾಗಿರುವಾಗ ಒಂದು ಬೆಳಗ್ಗೆ ಚಿಕ್ಕಮಲ್ಲಮ್ಮ ಮತ್ತೆ ಬಂದರು. ಕೈಯಲ್ಲಿ ಹೊಸ ಡಬ್ಬಿ.

"ಓಡಿ ಓಡಿ ಮೈಯೆಲ್ಲಾ ಕೆಡುಸ್ಕಂಡವ್ಳ. ಮಂಡಿಗೊಂದೇ ಅಲ್ಲ, ಇದು ಮೈಗೆಲ್ಲಾ ಒಳ್ಳೇದಂತೆ. ಎರಡು ಹೊತ್ತು ನುಂಗ್ಬೇಕು. ನಾನು ನಿನ್ ಮುಂದೇ ಇರ್ತಿನಿ, ತಗ."

"ಆಮೇಲೆ ತಗತೀನಿ ಕಣವ್ವ."

"ಆಮೇಲೆ ಅನ್ನೋದು ಇಲ್ಲ. ಬಾಯಿ ತಗಿ."

ಜೇನುತುಪ್ಪದಲ್ಲಿ ಕಲಸಿದ ಗುಳಿಗೆಯನ್ನು ಬೆರಳ ತುದಿಯಲ್ಲಿ ಹಿಡಿದು ಮಗಳ ತುಟಿಯ ಹತ್ತಿರ ತಂದರು. ನನ್ನ ಕೈಯಲ್ಲಿದ್ದ ದಾರ ಅಲ್ಲೇ ನಿಂತಿತು. ಏನಾದರೂ ಹೇಳಬೇಕೆಂದು ಬಾಯಿಗೆ ಬಂತು. ಗುರುಮಲ್ಲಿ ತಾಯಿಯ ಹೆಗಲ ಮೇಲಿಂದ ನನ್ನನ್ನು ನೋಡಿದಳು, ಆ ನೋಟಕ್ಕೆ ಬಾಯಿ ಮುಚ್ಚಿಕೊಂಡೆ. ಅವಳು ಬಾಯಿ ತೆರೆದಳು. ತಾಯಿ ನಾಲಿಗೆಯ ಮೇಲೆ ಇಟ್ಟರು. ಅವಳು ಬಾಯಿ ಮುಚ್ಚಿದಳು.

"ನುಂಗು."

ತಲೆಯಾಡಿಸಿದಳು. ಗಂಟಲು ಆಡಿತು. "ನೀರು ಕುಡ್ಕಂಡ್ ಬತ್ತಿನಿ" ಎನ್ನುವಂತೆ ಕೈಸನ್ನೆ ಮಾಡಿ ಹಿತ್ತಿಲ ಕಡೆ ನಡೆದಳು. ಓಡಲಿಲ್ಲ, ನಡೆದಳು. ನಾನು ಹೂವಿಗೆ ನೀರು ಚಿಮುಕಿಸುವ ನೆಪದಲ್ಲಿ ಹಿಂದೆ ಹೋದೆ. ನಲ್ಲಿಯ ಹತ್ತಿರ ಬಗ್ಗಿ ಉಗುಳುತ್ತಿದ್ದಳು. ಕಪ್ಪು ಗುಳಿಗೆ ಇಡಿಯಾಗಿಯೇ ಕೆಸುವಿನ ಗಿಡದ ಬುಡದಲ್ಲಿ ಬಿದ್ದಿತ್ತು. ನಾಲಿಗೆಯನ್ನು ಸೆರಗಿನಿಂದ ಉಜ್ಜುತ್ತಾ, ಮತ್ತೆ ನೀರು ಹಾಕಿಕೊಂಡು ಮುಕ್ಕಳಿಸುತ್ತಾ, "ಜೇನ್ತುಪ್ಪ ಒಳಕ್ಕೋಗ್ಬುಡ್ತು ದೊಡ್ಡವ್ವ. ಬರೀ ಜೇನ್ತುಪ್ಪ ಏನೂ ಮಾಡಾಕಿಲ್ಲ ಅಲ್ವಾ? ಅಲ್ವಾ?" ಎಂದು ಕೇಳಿದಳು. ನಲವತ್ತು ದಾಟಿದ ಹೆಂಗಸು ಮಗುವಿನಂತೆ ಕೇಳಿದಳು. ನಾನು ಏನೂ ಮಾಡಲ್ಲ ಎಂದೆ. ನನಗೇನು ಗೊತ್ತಿತ್ತು?

ತಾಯಿ ಇದ್ದ ಎರಡು ದಿನವೂ ಹೀಗೇ ನಡೆಯಿತು.

ದೀಪಾವಳಿ ಮುಗಿದ ಮಾರನೆಯ ದಿನ ಮತ್ತೆ ಮೈಸೂರು. ಈ ಸಲ ಅವಳು ನೋಟ್‌ಬುಕ್ಕನ್ನು ಮೇಜಿನ ಮೇಲೆ ಇಡಲಿಲ್ಲ, ಎದೆಗೊತ್ತಿಕೊಂಡು ಕೂತಿದ್ದಳು. ರಿಪೋರ್ಟು ಬರುವವರೆಗೂ ಇಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಒಂದು ಇಡ್ಲಿಯನ್ನೂ ಮುಗಿಸಲಾಗಲಿಲ್ಲ. ಮೇಡಂ ಬಾಗಿಲಲ್ಲಿ ಕಾಣಿಸಿಕೊಂಡು, ಒಳಗೆ ಕರೆಯುವಷ್ಟೂ ತಾಳದೆ, "ಇಳಿದಿದೆ! ಗುರುಮಲ್ಲಮ್ಮ, ಇಳಿದಿದೆ!" ಎಂದರು. ಗುರುಮಲ್ಲಿ ಎದ್ದು ನಿಂತಳು, ಮತ್ತೆ ಕೂತಳು. ಆದರೂ ಡಾಕ್ಟರು ಇನ್ನೊಂದು ತಿಂಗಳು ಕಾಯಿಸಿ, ಮತ್ತೊಮ್ಮೆ ನೋಡಿಯೇ ದಿನ ಕೊಟ್ಟರು.

ಆಪರೇಷನ್ನಿಗೆ ಕಾವ್ಯಶ್ರೀ, ಅಂದರೆ ಶಿವಶಂಕರನ ಹೆಂಡತಿ, ಇಬ್ಬರ ಜೊತೆಗೂ ಮೈಸೂರಿನಲ್ಲಿ ಉಳಿದಳು. ಅಲ್ಲಿ ಮುದುಕರಿಗೆ ಜಾಗವಿಲ್ಲವೆಂದು ಚಿಕ್ಕಮಲ್ಲಮ್ಮನನ್ನು ನಮ್ಮ ಮನೆಗೆ ತಂದುಬಿಟ್ಟರು. ಆ ದಿನ ನಾವಿಬ್ಬರೂ ಜಗಲಿಯಲ್ಲಿ ಎದುರುಬದುರು ಕೂತಿದ್ದೆವು. ಒಬ್ಬಳ ಹೊಟ್ಟೆ ಕೊಯ್ದು ಇನ್ನೊಬ್ಬನ ಹೊಟ್ಟೆಗೆ ಇಡುತ್ತಿದ್ದಾರೆ; ಇಬ್ಬರೂ ಆಕೆಯ ಮಕ್ಕಳೇ. ಆಕೆ ಮಾದಪ್ಪನನ್ನು ಕರೆದರು, ನಂಜುಂಡೇಶ್ವರನನ್ನು ಕರೆದರು. ನಡುವೆ ನಡುವೆ ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಸಂಜೆ ಕಾವ್ಯಶ್ರೀ ಫೋನ್ ಮಾಡಿ ಇಬ್ಬರೂ ಹೊರಗೆ ಬಂದರು ಎಂದಾಗ ಜುಬೇರ್ ಸಕ್ಕರೆ ತಂದು ಎಲ್ಲರ ಬಾಯಿಗೂ ಹಾಕಿದ.

ನಾಲ್ಕನೆಯ ದಿನ ಗುರುಮಲ್ಲಿಯೇ ಫೋನ್ ಮಾಡಿದಳು. ಧ್ವನಿ ಬಾವಿಯೊಳಗಿಂದ ಬಂದಂತಿತ್ತು.

"ಅವ್ವ ಅಲ್ಲೇ ಅವ್ಳಾ?"

"ಎದ್ರುಗೇ ಅವ್ರೆ."

"ಹಂಗಾರೆ ನೀವು ಹೂಂ ಅನ್ನಿ ಸಾಕು. ಟೇಬಲ್ ಮ್ಯಾಲೆ ಇರೋವಾಗ್ಲೇ ಅವ್ನಿಗೆ ಉಚ್ಚೆ ಬಂತಂತೆ ದೊಡ್ಡವ್ವ. ಬಾಟ್ಲಿ ತುಂಬಿ ತುಂಬಿ ಚೆಲ್ತಾವ್ರಂತೆ. ಮುಖದ ಬಣ್ಣ ತಿರುಗದಂತೆ."

"ಹೂಂ," ಎಂದೆ. ಚಿಕ್ಕಮಲ್ಲಮ್ಮ ಮಂಡಿಯ ಮೇಲೆ ಕೈಯೂರಿ ನನ್ನ ಮುಖವನ್ನೇ ನೋಡುತ್ತಿದ್ದರು.

ಅವಳಿಗೆ ಹೊಲಿಗೆ ನೋಯುತ್ತಿತ್ತೇನೋ, ಒಂದೊಂದೇ ಮಾತನ್ನು ಉಸಿರು ಹಿಡಿದು ಆಡಿದಳು.

"ನಿನ್ನೆ ಅವ್ವ ಕಾವ್ಯಂಗೆ ಫೋನ್ನಲ್ಲಿ ಯೋಳವ್ಳ, ಇಬ್ರೂ ಊರ್ಗೆ ಬರ್ಲಿ, ಗಾಯ ಮಾಗಾಕೆ ಗುಳ್ಗೆ ತಂದಿಟ್ಟಿವ್ನಿ ಅಂತ. ನಾನಾದ್ರೆ ಉಗುಳ್ತೀನಿ ದೊಡ್ಡವ್ವ. ಅವ್ನು ಅವ್ವ ಕೊಟ್ರೆ ಏನಾದ್ರೂ ನುಂಗ್‌ಬುಡ್ತಾನೆ. ಈಗ ಅವ್ನ ಒಳಗಿರೋದು ಒಂದೇ. ನಾವು ಬರೋದ್ರೊಳ್ಗೆ ಆ ಡಬ್ಬಿ ಅವ್ವನ ಕೈಯಿಂದ ನಿಮ್ ಕೈಗೆ ಬರ್ಬೇಕು. ಕದೀಬ್ಯಾಡಿ, ಕದ್ರೆ ಇನ್ನೊಂದು ತರುಸ್ಕತಾಳೆ. ಅವ್ಳೇ ಕೊಡಂಗೆ ಮಾಡಿ, ಅವ್ಳೂ ನುಂಗೋದ ಬುಡಂಗೆ ಮಾಡಿ. ಏನ್ ಬೇಕಾದ್ರೂ ಯೋಳಿ. ನಂಗೆ ಏನಾಗಿತ್ತು ಅನ್ನೋದ ಮಾತ್ರ ಯೋಳ್ಬ್ಯಾಡಿ."